ಆಟಗಾರನನ್ನು ಆರಿಸುವ ಕಣ್ಣು

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯಮಾಸದ ಹೊತ್ತಿಗೆ ಸೇರುವ ದನಗಳ ಜಾತ್ರೆ ನಮ್ಮ ಸೀಮೆಗೆಲ್ಲ ಹೆಸರಾದದ್ದು. ಹಳ್ಳಿಕಾರ್ ಎತ್ತುಗಳ ಜೋಡಿಯೊಂದನ್ನು ಕೊಳ್ಳಲು ಬಂದ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೊ, ನಾಲ್ಕು ಹಲ್ಲೊ, ಬಾಯಿ ಕೂಡಿದೆಯೊ ಎಂದು ತಿಳಿದು ವಯಸ್ಸು ಹೇಳುತ್ತಾನೆ. ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ. ಇಷ್ಟಾದ ಮೇಲೂ ಹಣದ ಗಂಟು ಬಿಚ್ಚುವುದಿಲ್ಲ. ನಾಲ್ಕು ಹೆಜ್ಜೆ ನಡೆಸಿ ತೋರಿಸು ಎನ್ನುತ್ತಾನೆ. ನಿಂತಾಗ ಕಾಣದ ಕುಂಟು ನಡೆದಾಗ ಕಾಣುತ್ತದೆ. ಬೆಲೆಯ ಮಾತು ಬಾಯಿಂದ ಹೊರಡುವುದಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು, ಕೊಡುವವನಿಗೂ ಕೊಳ್ಳುವವನಿಗೂ ಅಷ್ಟೇ ತಿಳಿಯುವಂತೆ ವ್ಯಾಪಾರ ಮುಗಿಯುತ್ತದೆ.

ಈ ಜಾತ್ರೆ ನನಗೆ ಮತ್ತೆ ನೆನಪಾದದ್ದು ಅದೇ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಕೆಲವು ವರ್ಷಗಳ ಹಿಂದೆ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯುತ್ತಿದ್ದ ರಾತ್ರಿ. ನಾನು ಆಟಗಾರನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವನು. ನನ್ನ ತರಗತಿಯ ಹುಡುಗನೊಬ್ಬ ಆಡುತ್ತಾನೆಂದು ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರು ಒಮ್ಮೆಯೂ ಚಪ್ಪಾಳೆ ತಟ್ಟಲಿಲ್ಲ. ಅವರ ಮಂಡಿಯ ಮೇಲೆ ಒಂದು ಸಣ್ಣ ನೋಟ್ ಪುಸ್ತಕ. ಊರೆಲ್ಲ ದಾಳಿಗೆ ಹೋದವನನ್ನು ನೋಡುತ್ತಿದ್ದರೆ ಇವರು ಔಟಾಗಿ ಹೊರಗೆ ಕುಳಿತವನನ್ನು ನೋಡುತ್ತಿದ್ದರು. ವಿಚಾರಿಸಿದೆ. ಅವರೂ ಹಿಂದೆ ಆಡಿದವರು. ಆಗ ವೃತ್ತಿಪರ ತಂಡವೊಂದಕ್ಕೆ ಹೊಸ ಹುಡುಗರನ್ನು ಹುಡುಕಿಕೊಡುವ ಕೆಲಸದಲ್ಲಿದ್ದರು. ಮೊದಲಿಗೆ ನನಗೆ ಅದು ಅಷ್ಟು ಹಿತವೆನಿಸಲಿಲ್ಲ. ಓದುವ ಹುಡುಗನ ಹಲ್ಲು ಬಿಡಿಸಿ ನೋಡುವುದೆ? ಆದರೆ ಎರಡು ಗಂಟೆ ಅವರ ಪಕ್ಕದಲ್ಲಿ ಕುಳಿತು ಎದ್ದಾಗ, ಇದೂ ಒಂದು ವಿದ್ಯೆಯೇ ಸರಿ ಎನ್ನಿಸಿತು. ಆ ವಿದ್ಯೆಯ ವಿಷಯ ಇಂದು ನಾಲ್ಕು ಮಾತು.

ಕಾಲೇಜಿನ ಆಟಗಾರರನ್ನು ವೃತ್ತಿಪರ ತಂಡಗಳು ಸಾಲಾಗಿ ನಿಂತು ಆರಿಸಿಕೊಳ್ಳುವ ಪದ್ಧತಿ ಮೊದಲು ಗಟ್ಟಿಯಾದದ್ದು ಅಮೆರಿಕದಲ್ಲಿ. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಹಣವಂತ ತಂಡಗಳೇ ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದಾಗ, ಫಿಲಡೆಲ್ಫಿಯ ತಂಡದ ಒಡೆಯ ಬರ್ಟ್ ಬೆಲ್ ಒಂದು ಸಲಹೆ ಮುಂದಿಟ್ಟ: ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಬಿದ್ದ ತಂಡ ಮೊದಲು ಆರಿಸಲಿ, ಗೆದ್ದ ತಂಡ ಕೊನೆಗೆ ಆರಿಸಲಿ. 1936ರಲ್ಲಿ ಇದು ಜಾರಿಗೆ ಬಂತು. ಮೊಟ್ಟಮೊದಲು ಆಯ್ಕೆಯಾದವನು ಷಿಕಾಗೊ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್. ತಮಾಷೆಯೆಂದರೆ ಆತ ವೃತ್ತಿಪರನಾಗಿ ಒಂದು ಪಂದ್ಯವನ್ನೂ ಆಡಲಿಲ್ಲ; ಬೇರೆ ಉದ್ಯೋಗ ಹಿಡಿದ. ಆಯ್ಕೆಗಾರರ ಕಸುಬು ಹೀಗೆ ಮೊದಲ ದಿನವೇ ಎಡವಿತು.

ಆಮೇಲೆ ಅವರು ಅಳತೆಗೋಲುಗಳನ್ನು ತಂದರು. 1987ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ಹುಡುಗರನ್ನೆಲ್ಲ ಒಂದೆಡೆ ಕಲೆಹಾಕಿ ಎತ್ತರ, ತೂಕ, ಅಂಗೈಯ ಅಗಲ ಅಳೆಯುತ್ತಾರೆ; ನಲವತ್ತು ಗಜ ಓಡಿಸಿ ಸೆಕೆಂಡಿನ ನೂರನೆಯ ಭಾಗದವರೆಗೆ ಲೆಕ್ಕ ಹಾಕುತ್ತಾರೆ; ವೈದ್ಯರು ಕೀಲುಕೀಲನ್ನೂ ಪರೀಕ್ಷಿಸುತ್ತಾರೆ. ಇಷ್ಟೆಲ್ಲ ಅಳೆದೂ 2000ದಲ್ಲಿ ಟಾಮ್ ಬ್ರೇಡಿ ಎಂಬ ಹುಡುಗನನ್ನು 199ನೆಯವನಾಗಿ ಆರಿಸಿದರು. ಅವನಿಗಿಂತ ಮುಂಚೆ 198 ಜನ! ಮುಂದೆ ಏಳು ಸಲ ತನ್ನ ತಂಡಗಳಿಗೆ ಕಿರೀಟ ತಂದುಕೊಟ್ಟವನು ಆತ.

ಅಳತೆಗೋಲು ಕೈಯಲ್ಲಿದ್ದರೂ ಕಣ್ಣನ್ನು ಬಿಡದ ಒಬ್ಬ ಆಯ್ಕೆಗಾರನ ಹೆಸರನ್ನು ಇಲ್ಲಿ ಹೇಳಬೇಕು. ಬಿಲ್ ನನ್ ಕರಿಯ ಜನರ ಪತ್ರಿಕೆಯಾದ ‘ಪಿಟ್ಸ್‌ಬರ್ಗ್ ಕುರಿಯರ್’ನಲ್ಲಿ ಕ್ರೀಡಾ ಸಂಪಾದಕನಾಗಿದ್ದವನು. ಕರಿಯ ವಿದ್ಯಾರ್ಥಿಗಳ ಕಾಲೇಜುಗಳತ್ತ ಇತರರು ತಲೆಯೆತ್ತಿ ನೋಡದಿದ್ದ ಕಾಲದಲ್ಲಿ ಊರೂರು ಸುತ್ತಿ, ಬಲ್ಲವರನ್ನು ಕೇಳಿ, ಆಟಗಾರರ ಪಟ್ಟಿ ಮಾಡುತ್ತಿದ್ದ. ಪಿಟ್ಸ್‌ಬರ್ಗ್ ತಂಡ ಅವನನ್ನೇ ಕೆಲಸಕ್ಕೆ ಇಟ್ಟುಕೊಂಡಿತು. ಜಾನ್ ಸ್ಟಾಲ್‌ವರ್ತ್ ಎಂಬ ಹುಡುಗನನ್ನು ಬೇರೆಬೇರೆ ತಂಡದವರು ಓಡಿಸಿ ನೋಡಿದ ದಿನ ನೆಲ ಮಳೆಗೆ ನೆನೆದಿತ್ತು, ಹುಡುಗ ನಿಧಾನವೆಂದು ಅವರೆಲ್ಲ ಬರೆದುಕೊಂಡು ಹೊರಟರು, ನನ್ ಮಾತ್ರ ಮೈ ಸರಿಯಿಲ್ಲವೆಂದು ನೆವ ಹೇಳಿ ಅಲ್ಲಿಯೇ ಉಳಿದು ಮರುದಿನ ಒಣನೆಲದಲ್ಲಿ ಓಡಿಸಿ ನೋಡಿದ ಎಂದು ಅವರಲ್ಲಿ ಕಥೆಯಿದೆ. 1974ರಲ್ಲಿ ಪಿಟ್ಸ್‌ಬರ್ಗ್ ಆ ಹುಡುಗನನ್ನು ನಾಲ್ಕನೆಯ ಸುತ್ತಿನಲ್ಲಿ ಆರಿಸಿಕೊಂಡಿತು. ಅವನೂ, 2021ರಲ್ಲಿ ಅವನನ್ನು ಕಂಡುಹಿಡಿದ ನನ್ ಕೂಡ, ಆ ಆಟದ ಕೀರ್ತಿಶಾಲೆಗೆ ಸೇರಿದರು.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಸರದಿಯ ಆಯ್ಕೆಯಿಲ್ಲ, ಹರಾಜು ಉಂಟು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಇದ್ದ ಎಂಟು ತಂಡಗಳಲ್ಲಿ ಬೆಂಗಳೂರು ಬುಲ್ಸ್ ಒಂದು. ಆ ವರ್ಷದ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್‌ಗೆ: 12 ಲಕ್ಷದ 80 ಸಾವಿರ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ 2 ಕೋಟಿ 60 ಲಕ್ಷ ದಾಟಿತು. ಎತ್ತಿನ ವ್ಯಾಪಾರಕ್ಕಾದರೂ ಟವೆಲಿನ ಮರೆಯಿದೆ. ಇಲ್ಲಿ ಹುಡುಗನ ಬೆಲೆಯನ್ನು, ಅವನನ್ನು ಯಾರೂ ಕೇಳದೆ ಹೋದ ಸಂಗತಿಯನ್ನು ಕೂಡ, ಟೆಲಿವಿಷನ್ನಿನಲ್ಲಿ ಅವನ ತಾಯಿತಂದೆಯರೇ ನೋಡಬೇಕು.

ಕಾಲೇಜಿನಿಂದ ಈ ಹರಾಜಿನವರೆಗೆ ದಾರಿ ಹೇಗೆ? ಹಳ್ಳಿಯ ಹುಡುಗ ಮೊದಲು ತನ್ನ ಕಾಲೇಜಿಗೆ ಆಡಬೇಕು, ಅಲ್ಲಿಂದ ವಿಶ್ವವಿದ್ಯಾನಿಲಯದ ಹನ್ನೆರಡು ಜನರ ತಂಡಕ್ಕೆ ಬರಬೇಕು, ಆ ತಂಡ ದಕ್ಷಿಣ ವಲಯದಲ್ಲಿ ಗೆದ್ದು ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗೆ ಹೋಗಬೇಕು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವನ್ನು ಮೂರಾಗಿ ಒಡೆದು ದೇವನಹಳ್ಳಿ, ಹೊಸಕೋಟೆ ಕಡೆಯ ಕಾಲೇಜುಗಳನ್ನು ಬೆಂಗಳೂರು ಉತ್ತರಕ್ಕೆ ಸೇರಿಸಿದಾಗ ನಾವು ಮೇಷ್ಟ್ರುಗಳು ಗೊಣಗಿಕೊಂಡೆವು. ಆದರೆ ಕಬಡ್ಡಿ ಹುಡುಗರಿಗೆ ಅದರಿಂದ ಲಾಭವೇ ಆಯಿತು. ಒಂದು ತಂಡವಿದ್ದಲ್ಲಿ ಮೂರು ತಂಡ, ಹನ್ನೆರಡು ಸ್ಥಾನವಿದ್ದಲ್ಲಿ ಮೂವತ್ತಾರು!

2022ರಲ್ಲಿ ಈ ದಾರಿಗೆ ಒಂದು ನೇರವಾದ ಬಾಗಿಲು ತೆರೆಯಿತು. 2021ರ ಹೆಸರಿನಲ್ಲಿ, ಸಾಂಕ್ರಾಮಿಕದ ಕಾರಣ ತಡವಾಗಿ, ಆ ವರ್ಷದ ಏಪ್ರಿಲ್ 24ರಿಂದ ಮೇ 3ರವರೆಗೆ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ ಬೆಂಗಳೂರಿನಲ್ಲಿ ನಡೆಯಿತು. ಅದರ ಕಬಡ್ಡಿಯಲ್ಲಿ ಮೊದಲೆರಡು ಸ್ಥಾನ ಪಡೆದ ತಂಡಗಳ 24 ಹುಡುಗರನ್ನು ಅದೇ ಆಗಸ್ಟಿನಲ್ಲಿ ಮುಂಬಯಿಯಲ್ಲಿ ನಡೆದ ಹರಾಜಿನ ಪಟ್ಟಿಗೆ ಸೇರಿಸಿದರು. ಪಟ್ಟಿಯಲ್ಲಿ ಒಟ್ಟು 500ಕ್ಕೂ ಹೆಚ್ಚು ಹೆಸರುಗಳಿದ್ದವು. ಅ, ಬ, ಕ, ಡ ಎಂದು ನಾಲ್ಕು ದರ್ಜೆ; ಮೂಲಬೆಲೆ ಕ್ರಮವಾಗಿ 30, 20, 10 ಮತ್ತು 6 ಲಕ್ಷ ರೂಪಾಯಿ. ಒಂದು ತಂಡ ಆಟಗಾರರಿಗಾಗಿ ಒಟ್ಟು ಖರ್ಚು ಮಾಡಬಹುದಾಗಿದ್ದ ಹಣ 4 ಕೋಟಿ 40 ಲಕ್ಷ. ಇದರಲ್ಲಿ ಎರಡು ಕೋಟಿಗೂ ಮೇಲೆ ಒಬ್ಬನಿಗೇ ಸುರಿದ ತಂಡವೂ ಇತ್ತು. ಹಾಗೆ ಸುರಿದವರು ಉಳಿದ ಸ್ಥಾನಗಳನ್ನು ಅಗ್ಗದ ಹುಡುಗರಿಂದಲೇ ತುಂಬಬೇಕಾಗುತ್ತದೆ. ಹರಾಜಿನ ಹೊರಗೇ ನೇರವಾಗಿ ಸೇರಿಸಿಕೊಳ್ಳಬಹುದಾದ ಹೊಸ ಯುವ ಆಟಗಾರರ ವರ್ಗವೂ ಒಂದುಂಟು. ನೋಟ್ ಪುಸ್ತಕದವರು ನಮ್ಮ ಹಳ್ಳಿಗೆ ಬರುವುದು ಈ ಲೆಕ್ಕಾಚಾರದಿಂದ. ದೊಡ್ಡ ಹೆಸರನ್ನು ಹಣ ಕೊಟ್ಟು ಯಾರೂ ತರಬಹುದು. ಆರು ಲಕ್ಷದ ಹುಡುಗನಲ್ಲಿ ಅರವತ್ತು ಲಕ್ಷದ ಆಟವನ್ನು ಮೊದಲೇ ಕಾಣಬಲ್ಲವನಿಂದಲೇ ತಂಡಕ್ಕೆ ಪ್ರಯೋಜನ.

ಆ ರಾತ್ರಿ ಅವರು ಕಂಡದ್ದೇನು? ನನ್ನ ನೆನಪಿನಲ್ಲಿ ಉಳಿದಷ್ಟನ್ನು ಹೇಳುತ್ತೇನೆ.

ಮೊದಲ ಸಂಗತಿ, ಅವರು ಅಂಕಗಳನ್ನು ಎಣಿಸುತ್ತಿರಲಿಲ್ಲ. “ಹಳ್ಳಿ ಪಂದ್ಯದ ಅಂಕ ನಂಬೋ ಹಾಗಿಲ್ಲ ಮೇಷ್ಟ್ರೇ. ಅಂಪೈರು ಊರಿನವರು, ಎದುರಿನ ತಂಡ ಯಾವುದೋ ಏನೋ. ಯಾರ ಮೇಲೆ ತಗೊಂಡ, ಯಾವಾಗ ತಗೊಂಡ, ಅದನ್ನ ನೋಡಬೇಕು” ಎಂದರು. ದಾಳಿಗೆ ಇರುವುದು ಮೂವತ್ತು ಸೆಕೆಂಡು. ವೃತ್ತಿಪರ ಆಟದಲ್ಲಿ ಒಂದು ತಂಡದ ಎರಡು ದಾಳಿಗಳು ಸಾಲಾಗಿ ಬರಿದಾದರೆ ಮೂರನೆಯ ದಾಳಿಯಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ದಾಳಿಗಾರನೇ ಔಟು. ಆ ಮೂರನೆಯ ದಾಳಿಗೆ ಹೊರಟವನ ಉಸಿರು ಹೇಗಿದೆ, ಕಣ್ಣು ಎಲ್ಲಿದೆ ಎಂಬುದು ಅವರಿಗೆ ಮುಖ್ಯ. ಏಳು ಜನ ಎದುರಿಗಿದ್ದಾಗ ಬೋನಸ್ ಗೆರೆ ದಾಟಿ ಬರುವವನು ಬೇರೆ, ಇಬ್ಬರೇ ಉಳಿದಾಗ ಅವಸರಪಟ್ಟು ಸಿಕ್ಕಿಬೀಳದವನು ಬೇರೆ. ಚಪ್ಪಾಳೆ ಬೀಳುವುದು ಮೊದಲನೆಯವನಿಗೆ.

ಹಿಡಿಯುವವನ ಕೈ ನೋಡಬಾರದು, ಕಾಲು ನೋಡಬೇಕು ಎಂಬುದು ಅವರ ಇನ್ನೊಂದು ಮಾತು. ಎಡ ಮೂಲೆಯಲ್ಲಿ ನಿಂತವನಿಗೆ ದಾಳಿಗಾರನ ಕಣಕಾಲು ಹಿಡಿಯುವ ಆಸೆ ಸದಾ ಇರುತ್ತದೆ. ಆಸೆಗೆ ಬಲಿಬಿದ್ದು ಒಂದು ಕ್ಷಣ ಮೊದಲು ನೆಗೆದರೆ ಅಂಕ ಎದುರಾಳಿಗೆ. ಕಾಯಬೇಕು, ಕಾಯುವಾಗ ಹಿಮ್ಮಡಿ ನೆಲಕ್ಕೆ ಅಂಟಿರಬಾರದು, ಮೈಯ ಭಾರ ಮುಂಗಾಲಿನಲ್ಲಿರಬೇಕು. ಕವರ್ ಸ್ಥಾನದವನು ಪಕ್ಕದವನ ಕೈಯನ್ನು ಯಾವಾಗ ಬಿಡುತ್ತಾನೆ, ಯಾವಾಗ ಬಿಗಿಹಿಡಿಯುತ್ತಾನೆ ಎಂಬುದರಲ್ಲಿ ಅವನ ಬುದ್ಧಿಯೆಲ್ಲ ಕಾಣುತ್ತದಂತೆ. ಔಟಾದವನನ್ನು ನೋಡುತ್ತಿದ್ದ ಕಾರಣವನ್ನೂ ಕೇಳಿದೆ. ಹೊರಗೆ ಕುಳಿತಾಗಲೂ ಆಟ ನೋಡುತ್ತಿದ್ದಾನೊ, ತನ್ನ ಗೆಳೆಯರತ್ತ ಕೈಯಾಡಿಸುತ್ತಿದ್ದಾನೊ ಎಂದು ಪರೀಕ್ಷಿಸಲು! ನಮ್ಮ ತರಗತಿಯ ಕೊನೆಯ ಬೆಂಚಿಗೂ ಈ ಪರೀಕ್ಷೆ ಸಲ್ಲುತ್ತದೆ.

ಮಣ್ಣಿನಲ್ಲಿ ಆಡಿದವನನ್ನು ಮ್ಯಾಟಿನ ಆಟಕ್ಕೆ ಆರಿಸುವುದು ಇನ್ನೂ ಕಷ್ಟದ ಕೆಲಸ. ನಮ್ಮ ಕೆಮ್ಮಣ್ಣಿನ ಅಂಕಣದಲ್ಲಿ ಬರಿಗಾಲು ಜಾರಿ ಹೋಗುತ್ತದೆ. ಜಾರುವುದನ್ನೇ ಹುಡುಗರು ಕಲೆಯಾಗಿ ಕಲಿತಿರುತ್ತಾರೆ. ಮ್ಯಾಟಿನ ಮೇಲೆ ಬೂಟಿನ ಅಡಿ ಕಚ್ಚಿಕೊಳ್ಳುತ್ತದೆ. ಮೈ ತಿರುಗಿದರೂ ಪಾದ ತಿರುಗದೆ ಉಳಿದರೆ ನಡುವಿನ ಮೊಣಕಾಲು ಆ ತಿರುಚನ್ನು ಹೊರಬೇಕು. ಆದ್ದರಿಂದ ಅವರು ದೈಹಿಕ ಶಿಕ್ಷಣದ ಮೇಷ್ಟ್ರನ್ನೂ ಮನೆಯವರನ್ನೂ ಕಾಲಿನ ವಿಷಯ ಬಿಡದೆ ವಿಚಾರಿಸುತ್ತಾರೆ.

ನನ್ನನ್ನೂ ಕೇಳಿದರು. ನನ್ನ ಹುಡುಗ ಎಡ ಮೂಲೆಯಲ್ಲಿ ಆಡುತ್ತಿದ್ದ. ತಂದೆ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಕೂಲಿ ನೇಕಾರ. ಆ ರಾತ್ರಿ ಹುಡುಗ ನಾಲ್ಕು ಜನರನ್ನು ಕೆಡವಿದ್ದ. “ಕಾಯ್ತಾನೆ, ಒಳ್ಳೇ ಗುಣ” ಎಂದು ಬರೆದುಕೊಂಡವರು ತಟ್ಟನೆ ನನ್ನ ಕಡೆ ತಿರುಗಿ, “ಮೇಷ್ಟ್ರೇ, ಇವನ ಬಲಗಾಲಿಗೆ ಏನಾದರೂ ಆಗಿತ್ತೆ? ಕೂತು ಏಳೋವಾಗ ಎಡಗೈ ಊರ್ತಾನೆ” ಎಂದರು. ಆ ವರ್ಷ ಹುಡುಗ ಮೊಣಕಾಲು ಊದಿಸಿಕೊಂಡು ಮೂರು ವಾರ ತರಗತಿಗೆ ಬಂದಿರಲಿಲ್ಲ. ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇತ್ತು. ನಾನು ಕೊಟ್ಟ ಉತ್ತರದ ಮಾತು ಸ್ವಲ್ಪ ತಡೆಯಲಿ.

ಈ ಕಣ್ಣುಗಳೂ ತಪ್ಪುತ್ತವೆ. ಅದಕ್ಕೆ ದೂರ ಹೋಗಬೇಕಾಗಿಲ್ಲ. 2015ರಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿ ಹರಿಯಾಣದ ಪರ್ದೀಪ್ ನರ್ವಾಲ್ ಎಂಬ ಹೊಸ ಹುಡುಗನಿದ್ದ. ಆಡಿದ್ದು ಕೆಲವೇ ಪಂದ್ಯ, ತಂದದ್ದು ಬೆರಳೆಣಿಕೆಯ ಅಂಕ. ಮುಂದಿನ ಆವೃತ್ತಿಗೆ ಅವನು ಪಟ್ನಾ ತಂಡ ಸೇರಿದ. ಪಟ್ನಾ ಸಾಲಾಗಿ ಮೂರು ಸಲ ಗೆದ್ದಿತು. 2017ರ ಒಂದೇ ಆವೃತ್ತಿಯಲ್ಲಿ ಅವನು ದಾಳಿಯಿಂದ ತಂದ ಅಂಕ 369. ಒಟ್ಟಾರೆ ಅವನು ಗಳಿಸಿದ್ದು 1,800ಕ್ಕೂ ಮೇಲೆ ಅಂಕ. 2024ರಲ್ಲಿ 70 ಲಕ್ಷಕ್ಕೆ ಮರಳಿ ಬೆಂಗಳೂರಿಗೇ ಬಂದ. ಆಗ ಕಾಲು ಮೊದಲಿನ ಹಾಗೆ ಓಡುತ್ತಿರಲಿಲ್ಲ. 2025ರ ಹರಾಜಿನಲ್ಲಿ ಅವನನ್ನು ಯಾರೂ ಕೇಳಲಿಲ್ಲ, ನಿವೃತ್ತಿ ಹೇಳಿದ. ಏರುವ ಮುಂಚೆಯೂ ಇಳಿದ ಮೇಲೆಯೂ ಅವನು ಬೆಂಗಳೂರಿನವನು.

ಆದರೆ ಬೆಂಗಳೂರಿನ ಕಣ್ಣು ಗೆದ್ದ ಸಂದರ್ಭವೂ ಉಂಟು. ಪವನ್ ಸೆಹ್ರಾವತ್ ಗುಜರಾತ್ ತಂಡದಲ್ಲಿ ಒಂದು ಆವೃತ್ತಿಯನ್ನು ಹೆಚ್ಚು ಕಡಿಮೆ ಹೊರಗೆ ಕುಳಿತೇ ಕಳೆದಿದ್ದ. 2018ರಲ್ಲಿ ಬೆಂಗಳೂರು ಅವನನ್ನು 52 ಲಕ್ಷದ 80 ಸಾವಿರಕ್ಕೆ ಕೊಂಡಿತು. ಆ ಆವೃತ್ತಿಯಲ್ಲಿ 271 ದಾಳಿ ಅಂಕ. 2019ರ ಜನವರಿ 5ರಂದು ಅದೇ ಗುಜರಾತ್ ವಿರುದ್ಧದ ಅಂತಿಮ ಪಂದ್ಯದಲ್ಲಿ ಅವನೊಬ್ಬನೇ 22 ಅಂಕ ತಂದು ತಂಡಕ್ಕೆ ಮೊದಲ ಕಿರೀಟ ಗೆದ್ದುಕೊಟ್ಟ. ಆಗ ತಂಡದ ತರಬೇತುದಾರ ರಣಧೀರ್ ಸಿಂಗ್. ಅವರಿಗೆ ನೆರವಾಗಿದ್ದವರು ನಮ್ಮ ಬಿ.ಸಿ. ರಮೇಶ್. 2001ರ ಅರ್ಜುನ ಪ್ರಶಸ್ತಿ ಪಡೆದ ಈ ರಮೇಶ್ ಮುಂದೆ 2019ರಲ್ಲಿ ಬಂಗಾಳದ ತಂಡವನ್ನೂ 2024ರಲ್ಲಿ ಪುಣೆಯ ತಂಡವನ್ನೂ ಗೆಲ್ಲಿಸಿದರು. ಪುಣೆಯದು ಬಹುಮಟ್ಟಿಗೆ ಹುಡುಗರ ತಂಡ. ಒಬ್ಬನೇ ಆಟಗಾರ ಒಂದೆಡೆ ಬೆಂಚು ಕಾಯುವವನೂ ಇನ್ನೊಂದೆಡೆ ನಾಯಕಮಣಿಯೂ ಆಗುವುದನ್ನು ಯಾವ ಅಳತೆಗೋಲು ಮೊದಲೇ ಹೇಳೀತು?

ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಕಣ್ಣು ಇನ್ನೂ ಸರಿಯಾಗಿ ತೆರೆದಿಲ್ಲ. 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಸಿದರು. ಅಂತಿಮ ಪಂದ್ಯದ ಎರಡು ತಂಡಗಳ ನಾಯಕಿಯರೂ ಕರ್ನಾಟಕದವರು: ತೇಜಸ್ವಿನಿ ಬಾಯಿ ಮತ್ತು ಕಾರ್ಕಳ ಕಡೆಯ ಮಮತಾ ಪೂಜಾರಿ. ಒಂದೇ ಅಂಕದಿಂದ ತೇಜಸ್ವಿನಿಯವರ ತಂಡ ಗೆದ್ದಿತು. ಆ ಪ್ರಯೋಗ ಅಲ್ಲಿಗೇ ನಿಂತಿತು. ಹೊಸಕೋಟೆ, ನೆಲಮಂಗಲದ ಕಾಲೇಜುಗಳಲ್ಲಿ ಚೆನ್ನಾಗಿ ಆಡುವ ಹುಡುಗಿಯರನ್ನು ನಾನು ನೋಡಿದ್ದೇನೆ. ನೋಟ್ ಪುಸ್ತಕ ಹಿಡಿದು ಅವರ ಪಂದ್ಯಕ್ಕೆ ಬಂದವರನ್ನು ನೋಡಲಿಲ್ಲ.

ಹಿಂದೆ ಈ ಆಯ್ಕೆಗೆ ಬೇರೊಂದು ಅರ್ಥವಿತ್ತು. ಆಟ ಚೆನ್ನಾಗಿದ್ದರೆ ರೈಲ್ವೆಯವರು, ಬ್ಯಾಂಕಿನವರು ಕರೆದು ಗುಮಾಸ್ತೆಯ ಕೆಲಸ ಕೊಡುತ್ತಿದ್ದರು. ಮೂವತ್ತಕ್ಕೆ ಕಾಲು ಸೋತರೂ ಅರುವತ್ತರವರೆಗೆ ಕುರ್ಚಿ ಇರುತ್ತಿತ್ತು. ಆಟಗಾರರಿಗೆ ಕೆಲಸ ಕೊಡುತ್ತಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬೇರೆ ಬ್ಯಾಂಕುಗಳೊಳಗೆ ಲೀನವಾದವು. ಲೀಗಿನ ದುಡ್ಡು ಕೂಲಿ ನೇಕಾರನ ಮನೆಗೆ ದೊಡ್ಡ ಹಣ, ನಿಜ. ಆದರೆ ಅದು ಒಂದೆರಡು ಹಂಗಾಮಿನ ಮಾತು. ಹುಡುಗನ ಪದವಿ ಪರೀಕ್ಷೆಯೂ ಆಯ್ಕೆ ಶಿಬಿರವೂ ಒಂದೇ ವಾರ ಬಂದಾಗ ಯಾವುದನ್ನು ಬಿಡು ಎಂದು ಹೇಳುವ ಧೈರ್ಯ ಮೇಷ್ಟ್ರಿಗೆ ಬರುವುದಿಲ್ಲ.

ಆ ರಾತ್ರಿ ನಾನು ಹೇಳಿದ್ದು “ಇಲ್ಲ, ನನಗೆ ತಿಳಿದಂತೆ ಏನೂ ಆಗಿಲ್ಲ” ಎಂದು. ಹುಡುಗನ ಮನೆ, ಅವನ ತಂದೆ ನಡುರಾತ್ರಿ ಮಗ್ಗದ ಮುಂದೆ ನಿಂತಿರುವುದು ಕಣ್ಣಮುಂದೆ ಬಂದು ಬಾಯಿ ಹಾಗೆ ಆಡಿತು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಬರೆದುಕೊಂಡರು. ಹುಡುಗನಿಗೆ ಶಿಬಿರಕ್ಕೆ ಕರೆ ಬಂತು. ಎರಡನೆಯ ದಿನ ಮ್ಯಾಟಿನ ಮೇಲೆ ಒಬ್ಬನ ಕಣಕಾಲು ಹಿಡಿದು ತಿರುಗುವಾಗ ಅದೇ ಮೊಣಕಾಲು ಹೋಯಿತು.

ಶಸ್ತ್ರಚಿಕಿತ್ಸೆಯಾಗಿ, ಒಂದು ವರ್ಷ ತಡವಾಗಿ ಬಿ.ಕಾಂ. ಮುಗಿಸಿದ. ಈಗ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸರಕು ವಿಭಾಗದಲ್ಲಿ ಪಾಳಿ ಕೆಲಸ. ಬಿಡುವಿದ್ದ ಸಂಜೆ ಊರ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತಾನೆ. ನಾನು ಹೇಳಿದ ಸುಳ್ಳನ್ನು ಅವನಿಗೆ ತಿಳಿಸಿದ್ದು ತೀರ ಈಚೆಗೆ. “ಗೊತ್ತಿತ್ತು ಸಾರ್, ಅವರೇ ಶಿಬಿರದಲ್ಲಿ ಹೇಳಿದ್ರು, ನಿಮ್ಮ ಮೇಷ್ಟ್ರು ಒಳ್ಳೆಯವರು ಅಂತ” ಎಂದ. ಹೋದ ವರ್ಷ ಹುಡುಕಾಟದವರು ಮತ್ತೆ ನಮ್ಮ ಕಡೆ ಬಂದಿದ್ದರು. ಇವನ ಶಿಷ್ಯನೊಬ್ಬನನ್ನು ಮೆಚ್ಚಿ, ಹುಡುಗನಿಗೆ ಏನಾದರೂ ಪೆಟ್ಟುಗಿಟ್ಟು ಉಂಟೆ ಎಂದು ಕೇಳಿದರು. “ಎಡ ಭುಜ ಎರಡು ಸಲ ಜಾರಿದೆ ಸಾರ್. ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ, ಆಮೇಲೆ ಆಡಿಸಿ” ಎಂದನಂತೆ. ಆ ಹುಡುಗ ಆರು ತಿಂಗಳು ಇವನೊಡನೆ ಮಾತು ಬಿಟ್ಟಿದ್ದ. ಡಾಕ್ಟರಿಗೆ ತೋರಿಸಿಕೊಂಡು ಬಂದ ಮೇಲೆ ಮೊನ್ನೆಯಿಂದ ಮತ್ತೆ ಅಭ್ಯಾಸಕ್ಕೆ ಬರುತ್ತಿದ್ದಾನೆ.